ಗೇಟುಮೀಮಾಂಸಾ ಪ್ರಕರಣ

ಮಂಗಳಾಚರಣೆ ಬೇಡ; ಆ ಪುಟವನ್ನು ಪ್ರಾಂಶುಪಾಲರ ಸಂದೇಶ ಆಗಲೇ ಹಿಡಿದಿದೆ. ನೇರ ಸೂತ್ರಕ್ಕೇ ಬರೋಣ: ಗೇಟಾತ್ ಪರಂ ಜಗತ್. ಕಾಲೇಜಿನ ಗೇಟಿನಿಂದಾಚೆ ಇರುವುದೆಲ್ಲ ಜಗತ್ತು. ಹಾಜರಿ ಕೂಗಿದ ಮೇಲೆ ಮೆಲ್ಲಗೆ ಜಾರಿಕೊಳ್ಳುವವರಿಗೆ ಇದು ಸ್ವಾನುಭವಸಿದ್ಧ, ಭಾಷ್ಯ ಬೇಕಿಲ್ಲ.

ಈ ಶಾಸ್ತ್ರದ ವಿಷಯ: ಕಾಲೇಜು ಸಂಚಿಕೆ ಒಳಗಿನವರಿಗೋ, ಹೊರಗಿನವರಿಗೋ? ಅಧಿಕಾರಿ: ತನ್ನ ಫೋಟೊ ಬಂದಿದೆಯೇ ಎಂದು ನೋಡಿದ ಮೇಲೂ ಪುಟ ತಿರುಗಿಸುವವನು, ದುರ್ಲಭ. ಪ್ರಯೋಜನ: ಅದನ್ನು ಸಂಪಾದಕ ಸಮಿತಿ ಮುಂದಿನ ಸಭೆಗೆ ಇಟ್ಟುಕೊಂಡಿದೆ.

ಪೂರ್ವಪಕ್ಷಿಗಳು ಎರಡು ಬಗೆ. ಅಂತರ್ಗೇಟವಾದಿಗಳ ಪ್ರಕಾರ ‘ಫಿಸಿಕ್ಸ್ ಮೇಷ್ಟ್ರ ಸ್ಕೂಟರು ಮತ್ತೆ ನಿಂತಿತು’ ಎಂಬುದು ಪರಿಪೂರ್ಣ ವಾಕ್ಯ. ಯಾವ ಮೇಷ್ಟ್ರು, ಯಾಕೆ ‘ಮತ್ತೆ’ ಎಂದು ಕೇಳುವವನು ಅನಧಿಕಾರಿ. ಮಲ್ಲೇಶ್ವರದ ಹದಿನೈದನೇ ಕ್ರಾಸಿನಲ್ಲಿ ಹೊಟ್ಟೆ ಹಿಡಿದು ನಗಿಸುವ ಈ ವಾಕ್ಯ ಹದಿನೆಂಟನೇ ಕ್ರಾಸು ಮುಟ್ಟುವಷ್ಟರಲ್ಲಿ ಸಪ್ಪಗಾಗುತ್ತದೆ, ಚಾಮರಾಜಪೇಟೆಯಲ್ಲಿ ಶೋಕವಾರ್ತೆಯಾಗುತ್ತದೆ. ಬಹಿರ್ಗೇಟವಾದಿಗಳದು ವಿಶ್ವಶಾಂತಿ ಪಂಥ. ‘ವಿಶ್ವಶಾಂತಿಯಲ್ಲಿ ಯುವಜನರ ಪಾತ್ರ’ ಇವರ ಪ್ರಮಾಣಗ್ರಂಥ. ಟಿಂಬಕ್ಟುವಿನವನಿಗೂ ತಿಳಿಯಲೆಂದು ಬರೆದದ್ದು. ಟಿಂಬಕ್ಟುವಿನಿಂದ ಇನ್ನೂ ಕಾಗದ ಬಂದಿಲ್ಲ. ಪಕ್ಕದ ಬೆಂಚಿನವನೂ ಓದಿಲ್ಲ.

ಅರ್ಧ ಇದು, ಅರ್ಧ ಅದು ಎನ್ನುವ ಸಮನ್ವಯಾಚಾರ್ಯರೂ ಇದ್ದಾರೆ. ಅವರ ಸಂಚಿಕೆಯಲ್ಲಿ ಕ್ರೀಡಾ ಕಾರ್ಯದರ್ಶಿಯ ವರದಿ ಎಡಪುಟಕ್ಕೆ, ವಿಶ್ವಶಾಂತಿ ಬಲಪುಟಕ್ಕೆ. ಕಬಡ್ಡಿ ಫೈನಲ್ಲಿನಲ್ಲಿ ಆದ ಹೊಡೆದಾಟವನ್ನು ಮಾತ್ರ ಕತ್ತರಿಸುತ್ತಾರೆ. ಎದುರಿಗೇ ಶಾಂತಿ ಇದೆಯಲ್ಲ!

ಇನ್ನು ದೃಷ್ಟಾಂತ, ಇಲ್ಲಿ ಸ್ವಲ್ಪ ನಿಲ್ಲಬೇಕು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಒಂದು ತ್ರೈಮಾಸಿಕ ಹೊರಡಿಸಿತು, ಹಿಂದಿದ್ದವರು ಎ.ಆರ್. ಕೃಷ್ಣಶಾಸ್ತ್ರಿಗಳು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಟ್ಟಡದೊಳಗಿಂದ ಹೊರಟ ಕನ್ನಡ ಪತ್ರಿಕೆ ಅದು. ಬೇರೆಯವರಾಗಿದ್ದರೆ ‘ಸೆಂಟ್ರಲ್ ಕಾಲೇಜ್ ಮಿತ್ರ’ ಎಂದು ಹೆಸರಿಟ್ಟು, ಹಾಸ್ಟೆಲ್ ಸಾರಿನ ಮೇಲೆ ಹನಿಗವನ ಅಚ್ಚುಹಾಕಿ ಧನ್ಯರಾಗುತ್ತಿದ್ದರು. ಇವರು ‘ಪ್ರಬುದ್ಧ ಕರ್ನಾಟಕ’ ಎಂದರು. ಹೆಸರಿನಲ್ಲಿ ಕಾಲೇಜೇ ಇಲ್ಲ! ಅದಿರಲಿ, ಆಗ ಆ ಹೆಸರಿನ ರಾಜ್ಯವೂ ಇರಲಿಲ್ಲ. ಏಕೀಕರಣವಾದದ್ದು 1956ರಲ್ಲಿ, ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರಲ್ಲಿ. ಪತ್ರಿಕೆ ತನ್ನ ಪ್ರಸಾರಕ್ಷೇತ್ರಕ್ಕಿಂತ 54 ವರ್ಷ ಮೊದಲೇ ಅಚ್ಚಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ವಹಿಸಿಕೊಂಡಿತು. ಇದರಿಂದ ಫಲಿಸುವ ನಿಯಮ: ಹೊರಗೆ ಓದುಗರಿಲ್ಲದಿದ್ದರೆ ಮೊದಲು ಅವರಿಗೊಂದು ರಾಜ್ಯ ಮಾಡಿಕೊಡತಕ್ಕದ್ದು. ವಾರ್ಷಿಕ ಸಂಚಿಕೆಯ ಬಜೆಟ್ಟಿನಲ್ಲಿ ಇದು ಕಷ್ಟ.

ಪ್ರತಿದೃಷ್ಟಾಂತಕ್ಕೆ ಗಾಂಧಿಬಜಾರಿಗೆ ಹೋಗಬೇಕು, ಬೆಳಿಗ್ಗೆಯೇ ಹೋದರೆ ಒಳ್ಳೆಯದು. 1943ರಲ್ಲಿ ಅಲ್ಲಿ ಸುತ್ತಲಿನ ಹುಡುಗರನ್ನು ನಂಬಿಕೊಂಡು ಒಂದು ಹೋಟೆಲು ತೆರೆಯಿತು. ಹೆಸರೇ ವಿದ್ಯಾರ್ಥಿ ಭವನ. ಇದು ಪ್ರಬುದ್ಧ ಕರ್ನಾಟಕಕ್ಕೆ ನೇರ ವಿರುದ್ಧವಾದ ಮಾರ್ಗ. ಬೋರ್ಡಿನಲ್ಲಿ ಕ್ಯಾಂಪಸ್ಸು, ಬಾಗಿಲಲ್ಲಿ ಲೋಕ. ಭಾನುವಾರ ಹೆಸರು ಬರೆಸಿ ಕಾಯುವವರಲ್ಲಿ ವಿದ್ಯಾರ್ಥಿಗಳು ಎಷ್ಟು ಎಂಬುದು ಸ್ವತಂತ್ರ ಮಹಾಪ್ರಬಂಧಕ್ಕೆ ಯೋಗ್ಯ ವಸ್ತು. ಮಾಣಿ ತೋಳುದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುವಾಗ ‘ಇದು ಸ್ಥಳೀಯ ದೋಸೆ, ಇದು ವಿಶಾಲ ಗ್ರಾಹಕರದು’ ಎಂದು ವಿಂಗಡಿಸುವುದನ್ನು ಯಾವ ಸಂಶೋಧಕನೂ ಕಂಡಿಲ್ಲ.

ಮೂರನೆಯ ಮಾರ್ಗ ಸರಳ: ಗೇಟನ್ನೇ ತೆರೆದಿಡುವುದು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದಾಗ ಆದದ್ದು ಇದೇ. ಊರಿನವರೂ ಬಂದು ವಿಜ್ಞಾನದ ಉಪನ್ಯಾಸ ಕೇಳಿದರು, ಹಾಜರಿಯ ಆಸೆಯಿಲ್ಲದೆ. ಹಾಜರಿಶಾಸ್ತ್ರದ ಬುಡವೇ ಅಲ್ಲಾಡುವುದರಿಂದ ಈ ವಿಚಾರ ಇಲ್ಲಿಗೆ ಸಾಕು.

ಸಿದ್ಧಾಂತ. ಸ್ಕೂಟರನ್ನು ಬಿಟ್ಟು ವಿಶ್ವಶಾಂತಿಗೆ ಹೋಗಬೇಕಿಲ್ಲ. ಸ್ಕೂಟರು ನಿಂತದ್ದೆಲ್ಲಿ ಎಂದು ಬರೆದರೆ ಸಾಕು. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ, ಇಂಟರ್ನಲ್ಸ್ ದಿನ, ಪ್ರಶ್ನೆಪತ್ರಿಕೆ ಡಿಕ್ಕಿಯಲ್ಲಿದ್ದಾಗ. ಹಿಂದಿನಿಂದ ತಳ್ಳುತ್ತಿದ್ದವರು ಅದೇ ಪರೀಕ್ಷೆ ಬರೆಯಬೇಕಾದ ನಾಲ್ವರು. ಅವರು ತಳ್ಳಿದ್ದು ಮುಂದಕ್ಕೋ ಹಿಂದಕ್ಕೋ ಎಂಬುದರಲ್ಲಿ ಮತಭೇದವಿದೆ. ಇಷ್ಟು ಬರೆದರೆ ಧಾರವಾಡದಿಂದ ಒಂದು ಕಾಗದ ಬಂದೇ ಬರುತ್ತದೆ: ‘ಅದು ನಮ್ಮ ಕೆಮಿಸ್ಟ್ರಿ ಸರ್ ಸ್ಕೂಟರ್ ಐತ್ರಿ. ನಿಮ್ಮ ಬೆಂಗಳೂರಿಗೆ ಹೆಂಗ ಬಂತು?’