ಒಂದು ದಿನದ ಪ್ರವಾಸದಲ್ಲಿ ಮೂರ್ಛಾಮೀಮಾಂಸೆ

ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬರುವ ವಿದೇಶಿಯರಿಗೆ ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಇವನ್ನೆಲ್ಲ ತೋರಿಸಿ, ಸಂಜೆಯೊಳಗೆ ಮತ್ತೆ ಹಡಗು ಹತ್ತಿಸುವ ವಿದ್ಯೆಯೊಂದುಂಟು. ತುಮಕೂರು ಜಿಲ್ಲೆಗೆ ಕಡಲಿಲ್ಲ. ವಿದ್ಯೆ ಮಾತ್ರ ಇದೆ. ಬೆಂಗಳೂರಿನಿಂದ ಕತ್ತಲಿರುವಾಗಲೇ ಹೊರಡುವ ಹಿರಿಯ ನಾಗರಿಕರ ಬಸ್ಸು ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸುಮಾರು ಒಂಬತ್ತು ಶತಮಾನಗಳನ್ನು ಒಂದೇ ಹಗಲಲ್ಲಿ ಮುಗಿಸುತ್ತದೆ. ಆ ಹಗಲಿನ ನಡುವೆ ಯಾರಾದರೊಬ್ಬರು ತಲೆಸುತ್ತಿ ಕುಸಿದಾಗ ಇತಿಹಾಸದ ಗತಿಯೇನು ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ.

ಮೂರ್ಛೆಯ ಬೀಜ ಬೀಳುವುದು ಕ್ಯಾತ್ಸಂದ್ರದಲ್ಲಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಸ್ಸಿನಲ್ಲೇ ನುಂಗಿದ ಹಿರಿಯರು ಇಲ್ಲಿ ತಟ್ಟೆ ಇಡ್ಲಿಯ ದಾರಿ ಕಾಯುತ್ತಾರೆ. ವ್ಯವಸ್ಥಾಪಕರ ಸಿದ್ಧಾಂತ ಬೇರೆ: ಮೊದಲು ಸಿದ್ಧಗಂಗೆ, ಆಮೇಲೆ ಇಡ್ಲಿ. ಬೆಟ್ಟದ ಮೆಟ್ಟಿಲು ಹತ್ತಿಳಿದದ್ದಾಗುತ್ತದೆ. 2019ರಲ್ಲಿ, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದ, ಮಿತಾಹಾರಕ್ಕೆ ಹೆಸರಾದ ಶಿವಕುಮಾರ ಸ್ವಾಮೀಜಿಯವರ ಗದ್ದುಗೆಯ ಮುಂದೆ ನಿಂತು ಹಸಿವಿನ ಮಾತೆತ್ತಲು ಯಾರಿಗೂ ಬಾಯಿ ಬರುವುದಿಲ್ಲ. ಹೊತ್ತಾಯಿತೆಂದು ಇಡ್ಲಿಯನ್ನು ಗುಬ್ಬಿಯ ಆಚೆಗೆ ತಳ್ಳಲಾಗುತ್ತದೆ. ಮಾತ್ರೆಗೆ ಈ ಕಾರ್ಯಕ್ರಮಪಟ್ಟಿ ತಿಳಿಯದು. ಇನ್ಸುಲಿನ್ ಆಗಲಿ, ಕೆಲವು ಬಗೆಯ ಮಾತ್ರೆಗಳಾಗಲಿ, ಊಟ ಬಂದರೂ ಬಾರದಿದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತವೆ. ರಕ್ತದಲ್ಲಿ ಅದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಬೆವರು, ಕೈನಡುಕ, ಎದೆಬಡಿತ, ಮಂಕು.

ಹೀಗೆ ಗುಬ್ಬಿಯ ಚನ್ನಬಸವೇಶ್ವರ ದೇವಸ್ಥಾನದ ಮುಂದೆ ಅಜ್ಜ ಕುಸಿಯುತ್ತಾರೆ. ಸ್ಥಳ ಸೂಕ್ತವಾದದ್ದೇ. ಈ ದೇವರ ಹೆಸರಿನಲ್ಲೇ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರ ಕಾಲದ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಗೈಡು ಆನೆಯನ್ನು ರಂಗಕ್ಕೆ ಹತ್ತಿಸುವ ಹೊತ್ತಿಗೆ ಪ್ರೇಕ್ಷಕರೆಲ್ಲ ಅಜ್ಜನ ಕಡೆ ತಿರುಗಿರುತ್ತಾರೆ.

ಚಿಕಿತ್ಸೆಯಲ್ಲಿ ಮೂರು ಪಂಥಗಳು. ಈರುಳ್ಳಿ ಮೂಸಿಸುವವರು, ಕೈಗೆ ಕಬ್ಬಿಣದ ಬೀಗದ ಕೈ ಕೊಡುವವರು, ಸೋಡಾ ತರಲು ಓಡಿದವರು. ಮೂಲಗ್ರಂಥ ಓದದೆ ಭಾಷ್ಯ ಬರೆಯುವ ಪರಂಪರೆ ನಮ್ಮಲ್ಲಿ ಹಳೆಯದು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ನಿವೃತ್ತ ನರ್ಸಮ್ಮ ಇಳಿದು ಬರುತ್ತಾರೆ.

“ಸ್ವಲ್ಪ ಗಾಳಿ ಬಿಡ್ರಪ್ಪ. ಯಜಮಾನ್ರೇ, ತಿಂಡಿ ತಿಂದ್ರಾ?”

“ಎಲ್ಲಿ ತಾಯಿ, ಕೊಟ್ರೆ ತಾನೆ!”

ಮೂರೂ ಪಂಥಗಳು ಇಲ್ಲಿಗೆ ಖಂಡಿತವಾದವು. ಮಾತಾಡುವಷ್ಟು ಎಚ್ಚರವಿದ್ದುದರಿಂದ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುತ್ತಾರೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, 2008ರ ರಾಜ್ಯೋತ್ಸವದಂದು ನಮ್ಮಲ್ಲಿ ಶುರುವಾದ 108 ಆಂಬುಲೆನ್ಸನ್ನೇ ಕರೆಯಬೇಕಿತ್ತು.

ಇನ್ನು ಕಾಲನಷ್ಟದ ವಿಚಾರ. ಮೊದಲು ಕೈಬಿಡುವುದು ಕೈದಾಳವನ್ನು. ಶಾಸನ ಅಲ್ಲಿನ ದೇಗುಲದ ಕೀರ್ತಿಯನ್ನು 1150ರ ಸುಮಾರಿನ ಹೊಯ್ಸಳ ಸಾಮಂತ ಬಾಚಿದೇವನಿಗೆ ಕೊಟ್ಟರೆ, ಊರವರು ಶಿಲ್ಪಿ ಜಕಣಾಚಾರಿಗೆ ಕೊಡುತ್ತಾರೆ. ಕತ್ತರಿಸಿಕೊಂಡ ಬಲಗೈ ಅವನಿಗೆ ಮರಳಿ ಬಂದದ್ದು ಇಲ್ಲೇ ಎಂಬ ಐತಿಹ್ಯದ ಪ್ರಕಾರ ಜಿಲ್ಲೆಯ ಅತಿ ಹಳೆಯ ಶಸ್ತ್ರಚಿಕಿತ್ಸಾ ಪ್ರಕರಣ ಅದು. ರೋಗಿಯ ದೆಸೆಯಿಂದಲೇ ಅದು ತಪ್ಪಿಹೋಗುವುದು ಸಂಶೋಧನೆಗೆ ದೊಡ್ಡ ನಷ್ಟ. ಆಮೇಲೆ ಗೂಳೂರು. ಅಲ್ಲಿನ ಮಣ್ಣಿನ ಮಹಾಗಣಪತಿಗೆ ಪೂಜೆ ದೀಪಾವಳಿಯ ನಂತರ ಮಾತ್ರವಾದ್ದರಿಂದ ಅದನ್ನು ಬಿಡುವಾಗ ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ನಡೆದುಬಂದ ಕುದುರೆ ಫಾರಂ ಬಸ್ಸಿನ ಎಡ ಕಿಟಕಿಯವರ ಪಾಲಾದರೆ, ಜನಪದರು ಹಾಡಿದ ಕೆರೆ ಬಲ ಕಿಟಕಿಯವರ ಪಾಲು, ಅಥವಾ ತಿರುಗಾಮುರುಗಾ.

ಯಡಿಯೂರನ್ನು ಮಾತ್ರ ಯಾರೂ ಕೈಬಿಡುವುದಿಲ್ಲ. ಸಿದ್ಧಲಿಂಗೇಶ್ವರನ ಮೇಲಿನ ಭಕ್ತಿ ಒಂದು ಕಾರಣ, ದಾಸೋಹ ಇನ್ನೊಂದು. ಊರಿಗೆ ಹಿಂತಿರುಗಿ ಎಂದವರನ್ನು ಗದರಿಸಿಕೊಂಡೇ ಅಜ್ಜ ಪಂಕ್ತಿಯಲ್ಲಿ ಮೊದಲು ಕೂರುತ್ತಾರೆ. ನರ್ಸಮ್ಮ ಪಕ್ಕದಲ್ಲೇ ಕಾವಲು. ಪಾಯಸ ಎರಡನೇ ಸಲ ಬಂದಾಗ ಅಜ್ಜ ಕೈ ಅಡ್ಡ ಹಿಡಿಯುವುದಿಲ್ಲ, ನರ್ಸಮ್ಮ ಹಿಡಿಯುತ್ತಾರೆ. ಬೆಳಿಗ್ಗೆ ಔಷಧವಾಗಿದ್ದ ಸಕ್ಕರೆ ಮಧ್ಯಾಹ್ನಕ್ಕೆ ಹೇಗೆ ಅಪಥ್ಯವಾಯಿತೆಂಬ ವಾದದಲ್ಲಿ, ಬಸ್ಸು ನೆಲಮಂಗಲ ದಾಟಿದರೂ ವಿದ್ವಾಂಸರಲ್ಲಿ ಒಮ್ಮತ ಮೂಡಿದ ದಾಖಲೆಯಿಲ್ಲ.