ಮಂಗಳವಾರ, ಗುರುವಾರ ಶಾಲೆ. ಮಿಕ್ಕ ದಿನ ಅಜ್ಜ

ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ ಪೋಷಕರಿಗೂ ನಮಗೂ ಜವಾಬ್ದಾರಿಯ ಹಂಚಿಕೆ ಬಹಳ ಸರಳವಾಗಿತ್ತು. ಜೂನ್ ತಿಂಗಳಲ್ಲಿ ಮಗನ ರೆಟ್ಟೆ ಹಿಡಿದು ತಂದು ನಿಲ್ಲಿಸಿದ ಅಪ್ಪ, "ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ನಿಮ್ದೇ ಸಾ, ಚರ್ಮ ಸುಲಿದ್ರೂ ನಾವ್ ಕೇಳಾಕಿಲ್ಲ" ಎಂದು ಹೇಳಿ ಹೋದರೆ ಮುಗಿಯಿತು. ಮತ್ತೆ ಆತ ಶಾಲೆಯ ಕಡೆ ತಲೆ ಹಾಕುತ್ತಿದ್ದುದು ಟಿ.ಸಿ. ಬೇಕಾದಾಗಲೇ. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು, ಮಕ್ಕಳನ್ನು ಹೊಡೆಯಕೂಡದು ಎಂದಿತು. ಅಲ್ಲಿಗೆ ನಮ್ಮ ಪಾಲಿನದು ನಮ್ಮ ಕೈಬಿಟ್ಟಿತು. ಮನೆಯವರು ಮಾತ್ರ ತಮ್ಮ ಎರಡು ಕಣ್ಣಿನ ಮೇಲೆ ಒಂದಿಷ್ಟೂ ಹೆಚ್ಚಿಗೆ ವಹಿಸಿಕೊಳ್ಳಲಿಲ್ಲ.

ಇಂಥ ಲೋಕದಿಂದ ನಿವೃತ್ತನಾಗಿ, ತಿಪಟೂರು ಸೀಮೆಯ ನಾಲ್ಕು ತೆಂಗಿನಮರ ನೋಡಿಕೊಂಡಿದ್ದವನನ್ನು ಮಗಳು ಡಲ್ಲಾಸಿಗೆ ಕರೆಸಿಕೊಂಡಳು. ಹೋದ ಮರುದಿನ ಬುಧವಾರ. ನಾಲ್ಕನೇ ಕ್ಲಾಸಿನ ಮೊಮ್ಮಗ ಹತ್ತು ಗಂಟೆಯಾದರೂ ರಾತ್ರಿಯ ಬಟ್ಟೆಯಲ್ಲೇ ಓಡಾಡುತ್ತಿದ್ದ. "ಯಾಕಮ್ಮ, ಸ್ಕೂಲು ರಜವಾ?" ಎಂದೆ. "ಇಲ್ಲ ಅಪ್ಪಾಜಿ, ಸ್ಕೂಲ್ ನಡೀತಾ ಇದೆ, ಇಲ್ಲೇ" ಎಂದಳು. ಸುತ್ತ ನೋಡಿದೆ. ಊಟದ ಮೇಜು, ಅದರ ಮೇಲೆ ಅರ್ಧ ತಿಂದ ದೋಸೆ, ಅದರ ಪಕ್ಕ ಗಣಿತದ ಪುಸ್ತಕ. ನಮ್ಮ ಬಿಇಒ ಸಾಹೇಬರು ತಪಾಸಣೆಗೆ ಬಂದಿದ್ದರೆ ಮಾನ್ಯತೆ ಅವತ್ತೇ ರದ್ದು.

ಏರ್ಪಾಡು ಹೀಗೆ. ಮಂಗಳವಾರ, ಗುರುವಾರ ಶಾಲೆಯಲ್ಲಿ ಟೀಚರು ಪಾಠ ಮಾಡುತ್ತಾರೆ. ಸೋಮವಾರ, ಬುಧವಾರ, ಶುಕ್ರವಾರ ಅದೇ ಪಾಠವನ್ನು ಅವರು ಬರೆದುಕೊಟ್ಟ ಪಟ್ಟಿಯ ಪ್ರಕಾರ ಮನೆಯವರು ಮುಂದುವರಿಸಬೇಕು. ಮೇಲಿನ ತರಗತಿಗೆ ಹೋದಂತೆ ಶಾಲೆಯ ದಿನ ಮೂರಾಗುತ್ತದೆ, ಅಪ್ಪ-ಅಮ್ಮನ ಕೈ ಹಗುರಾಗುತ್ತದೆ. 'ಯೂನಿವರ್ಸಿಟಿ ಮಾಡೆಲ್' ಎಂಬ ಹೆಸರಿನ ಈ ಪದ್ಧತಿಯ ಮೊದಲ ಶಾಲೆ 1993ರಲ್ಲಿ ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್‌ನಲ್ಲೇ ಶುರುವಾಯಿತಂತೆ. ಕಾಲೇಜು ಹುಡುಗರು ಒಂದಿಷ್ಟು ಹೊತ್ತು ತರಗತಿಯಲ್ಲಿ ಕೂತು ಮಿಕ್ಕಿದ್ದನ್ನು ತಾವೇ ಓದಿಕೊಳ್ಳುವುದಿಲ್ಲವೆ, ಚಿಕ್ಕವರಿಗೂ ಹಾಗೆಯೇ ಮಾಡೋಣ ಎಂದು ಕ್ರೈಸ್ತ ಕುಟುಂಬಗಳು ಹೂಡಿದ್ದು. ಈಗ ಇದೇ ಜಾಡಿನಲ್ಲಿ ಬಗೆಬಗೆಯ ಶಾಲೆಗಳಿವೆ. ಮೊಮ್ಮಗನದು ದೇವರ ಪಾಠವಿಲ್ಲದ್ದು. ಕಾಲೇಜು ಹುಡುಗರು ತಾವೇ ಎಷ್ಟು ಓದಿಕೊಳ್ಳುತ್ತಾರೆಂದು ನನಗೆ ಗೊತ್ತಿದ್ದರಿಂದ ಬುನಾದಿಯ ಬಗ್ಗೆಯೇ ಸ್ವಲ್ಪ ಅನುಮಾನವಾಯಿತು.

ಪೂರ್ತಿ ಮನೆಯಲ್ಲೇ ಓದಿಸುತ್ತೇನೆಂದರೂ ಟೆಕ್ಸಾಸಿನಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಮನಸ್ಸಿಟ್ಟು ನಡೆಸುವ ಮನೆಶಾಲೆಯೂ ಖಾಸಗಿ ಶಾಲೆಯೇ ಎಂದು ಆ ರಾಜ್ಯದ ಸುಪ್ರೀಂ ಕೋರ್ಟು 1994ರಲ್ಲಿ ಒಪ್ಪಿಕೊಂಡಿದೆ. ಓದು, ಸ್ಪೆಲ್ಲಿಂಗು, ವ್ಯಾಕರಣ, ಗಣಿತ, ಒಳ್ಳೆಯ ಪ್ರಜೆಯ ನಡತೆ – ಈ ಐದನ್ನು ಕಲಿಸಿದರಾಯಿತು. ಐದನೆಯದನ್ನು ಮನೆಯಲ್ಲಿ ಕಲಿಸುವವರು ಯಾರು, ನೋಡಿ ಕಲಿಯುವುದು ಯಾರನ್ನು ಎಂಬ ಪ್ರಶ್ನೆಯನ್ನು ಕೋರ್ಟು ಎತ್ತಿದ ಹಾಗಿಲ್ಲ.

ಮನೆಯಲ್ಲಿ ಪಾಠ ಹೇಳುವವರನ್ನು ಶಾಲೆಯವರು 'ಕೋ-ಟೀಚರ್' ಎನ್ನುತ್ತಾರೆ. ಕಾಗದದ ಮೇಲೆ ಆ ಪದವಿ ಮಗಳದು. ಆದರೆ ಅವಳು ಮನೆಯಿಂದಲೇ ಆಫೀಸು ನಡೆಸುವವಳು. ಕಿವಿಗೆ ಹೆಡ್‌ಫೋನ್ ಏರಿಸಿದರೆ ಊಟಕ್ಕೂ ಇಳಿಸಳು. ಅಳಿಯಂದಿರು ಬೆಳಿಗ್ಗೆ ಏಳಕ್ಕೇ ಕಾರು ಹತ್ತಿರುತ್ತಾರೆ. ಹಾಗಾಗಿ ಪದವಿ ನನಗೆ ಇಳಿಯಿತು. ವೀಸಾ ಸಂದರ್ಶನದಲ್ಲಿ ಕಿಂಡಿಯಾಚೆಯ ಅಧಿಕಾರಿ "ಯಾಕೆ ಹೋಗುತ್ತೀರಿ?" ಎಂದಾಗ "ಮಗಳನ್ನು ನೋಡೋಕೆ" ಎಂದು ಪ್ರಾಮಾಣಿಕವಾಗಿಯೇ ಹೇಳಿದ್ದೆ. ಸಂದರ್ಶಕರ ವೀಸಾದಲ್ಲಿ ಕೆಲಸ ಮಾಡಕೂಡದು. ಆದರೆ ಸಂಬಳವಿಲ್ಲದ್ದನ್ನು ಕೆಲಸವೆಂದು ನಮ್ಮ ಮನೆಯಲ್ಲಿ ಯಾರೂ ಎಂದೂ ಎಣಿಸಿದವರಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಮೊದಲ ಪಾಠ ಭಾಗಾಕಾರ. ನಾನು ಚೆನ್ನಾಗಿ ಹಾಳೆ ತೆಗೆದುಕೊಂಡು, ಎಡಗಡೆ ಭಾಜಕ, ನಡುವೆ ಭಾಜ್ಯ, ಬಲಗಡೆ ಭಾಗಲಬ್ಧ ಬರೆದೆ. ಹುಡುಗ ಕಾಗದವನ್ನೇ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ತಾತ, ಆನ್ಸರ್ ಮೇಲೆ ಕೂರಬೇಕು, ಪಕ್ಕದಲ್ಲಿ ಅಲ್ಲ" ಎಂದ. ಅಮೆರಿಕದಲ್ಲಿ ಭಾಗಲಬ್ಧವನ್ನು ತಲೆಯ ಮೇಲೆ ಬರೆಯುತ್ತಾರೆ. ಎಲ್ಲಿ ಬರೆದರೇನು, ಶೇಷ ಒಂದೇ ಅಲ್ಲವೇನೋ ಎಂದೆ. ಅವನು ಒಪ್ಪಲಿಲ್ಲ. ಗುಣಾಕಾರಕ್ಕೂ ಅವರದು ಚೌಕದ ಮನೆಗಳನ್ನು ಬರೆದು ಸಂಖ್ಯೆಯನ್ನು ಒಡೆದು ತುಂಬುವ ಕ್ರಮ. ನಾನು "ಏಳೊಂದ್ಲ ಏಳು, ಏಳೆರಡ್ಲ ಹದಿನಾಕು" ಎಂದು ಮಗ್ಗಿ ಶುರುಮಾಡಿದೆ. ಅವನಿಗೆ ಅರ್ಥವಾಗದಿದ್ದರೂ ರಾಗ ಹಿಡಿಸಿತು. ಗುರುವಾರ ತರಗತಿಯಲ್ಲೂ ಹಾಡಿದನಂತೆ.

ಇಂಗ್ಲಿಷಿನದು ಇನ್ನೊಂದು ಕತೆ. ಅವನು ಕಲರ್ ಎಂಬ ಪದಕ್ಕೆ 'ಯು' ಬಿಟ್ಟು ಬರೆದಿದ್ದ, ನಾನು ಕೆಂಪು ಶಾಯಿಯಲ್ಲಿ ಸೇರಿಸಿದೆ. ಟೀಚರಮ್ಮ ಅದನ್ನು ನೇರಳೆ ಶಾಯಿಯಲ್ಲಿ ಹೊಡೆದುಹಾಕಿ ಕಳಿಸಿದರು. ಜೊತೆಗೊಂದು ಚೀಟಿ: ಶಾಲೆಯಲ್ಲಿ ಕಲಿಸಿದ ಕ್ರಮವನ್ನೇ ಮನೆಯಲ್ಲೂ ಅನುಸರಿಸಿದರೆ ಮಗುವಿಗೆ ಗೊಂದಲವಾಗದು, ನಿಮ್ಮ ಉತ್ಸಾಹಕ್ಕೆ ಧನ್ಯವಾದ. ಇಷ್ಟು ವರ್ಷ ನಾನು ಪೋಷಕರಿಗೆ ಬರೆಯುತ್ತಿದ್ದ ಧಾಟಿಯದೇ ಚೀಟಿ. ಕೆಳಗೆ ಪೋಷಕರ ಸಹಿಗೆ ಜಾಗ. ಸಹಿ ಮಾಡಿದೆ, ಕನ್ನಡದಲ್ಲಿ. 'ಯು' ಬೇಕೆಂಬುದು ಮಾತ್ರ ಇವತ್ತಿಗೂ ನನ್ನ ಅಭಿಪ್ರಾಯ.

ವಿಜ್ಞಾನಕ್ಕೆ ಬಂದಾಗ ಅಜ್ಜಿಯೂ ಸೇರಿಕೊಂಡಳು. ಬೀಜ ಮೊಳೆಯುವುದನ್ನು ಐದು ದಿನ ಗಮನಿಸಿ ಬರೆಯಬೇಕು. ಹೆಸರುಕಾಳು ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಮೂರನೆಯ ದಿನಕ್ಕೆ ಮೊಳಕೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅಡುಗೆಮನೆಗೆ ಹೋದವಳಿಗೆ ಅದು ಪ್ರಯೋಗವಾಗಿ ಕಾಣಲಿಲ್ಲ. ಹುಡುಗ ನಾಲ್ಕನೇ ದಿನದ ಕಾಲಮಿನಲ್ಲಿ ಸುಳ್ಳು ಬರೆಯದೆ, 'ಅಜ್ಜಿ ಒಗ್ಗರಣೆ ಹಾಕಿ ಉಸಲಿ ಮಾಡಿದರು, ಇನ್ನು ಬೆಳೆಯುವುದಿಲ್ಲ' ಎಂದು ದಾಖಲಿಸಿದ. ಟೀಚರಮ್ಮ ಪಕ್ಕದಲ್ಲೊಂದು ನಕ್ಷತ್ರ ಅಂಟಿಸಿದ್ದರು. ಆವತ್ತಿನಿಂದ ಅವರ ಮೇಲೆ ನನಗೆ ಗೌರವ.

ಈ ಪದ್ಧತಿಯ ನಿಜವಾದ ಪಂಡಿತರು ಟೀಚರೂ ಅಲ್ಲ, ತಾಯಿಯೂ ಅಲ್ಲ, ಹುಡುಗ. ಸೋಮವಾರ "ಇದು ಸ್ಕೂಲಲ್ಲೇ ಆಯ್ತು" ಎನ್ನುತ್ತಾನೆ. ಮಂಗಳವಾರ ಅಲ್ಲಿ ಹೋಗಿ "ಮನೇಲಿ ಹೇಳಿಕೊಡಲಿಲ್ಲ" ಎನ್ನುತ್ತಾನೆ. ಎರಡು ಹೊಲದ ನಡುವಿನ ಬದುವಿನ ಮೇಲೆ ನಿಂತ ತೆಂಗಿನಮರದ ಗತಿ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು: ಕಾಯಿ ಕೀಳಲು ಇಬ್ಬರೂ ಬರುತ್ತಾರೆ, ನೀರು ಕಟ್ಟಲು ಇಬ್ಬರೂ ಪಕ್ಕದವನ ಮುಖ ನೋಡುತ್ತಾರೆ. ಅದಕ್ಕೇ ಶಾಲೆಯವರು ವಾರದ ಪಟ್ಟಿಯಲ್ಲಿ ಒಂದೊಂದು ಲೆಕ್ಕದ ಎದುರೂ 'ಶಾಲೆ', 'ಮನೆ' ಎಂದು ಬರೆದಿಡುವುದು. ಆ ಪಟ್ಟಿ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಸಂವಿಧಾನಕ್ಕೇ 2002ರಲ್ಲಿ ತಿದ್ದುಪಡಿ ಮಾಡಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಓದಲು ಅವಕಾಶ ಮಾಡಿಕೊಡುವುದು ತಂದೆತಾಯಿಯ ಮೂಲಭೂತ ಕರ್ತವ್ಯ ಎಂದು ಸೇರಿಸಿದ್ದಾರೆ. ಬುಧವಾರ ಭಾಗಾಕಾರ ಯಾರ ಪಾಲು ಎಂದು ಅಲ್ಲಿ ಬರೆದಿಲ್ಲ. ಆದ್ದರಿಂದ ಅದು ಟ್ಯೂಷನ್ನಿನವರ ಪಾಲು.

ಶಾಲೆ ಮನೆಯ ಹತ್ತಿರ ಬಂದದ್ದು ನಮ್ಮಲ್ಲೂ ಉಂಟು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ 'ವಿದ್ಯಾಗಮ' ಎಂದು ಸರ್ಕಾರಿ ಶಾಲೆಯ ಮೇಷ್ಟ್ರುಗಳು ಊರೂರಿಗೆ ಹೋಗಿ ಅರಳಿಕಟ್ಟೆ, ಗುಡಿಯ ಜಗಲಿಗಳ ಮೇಲೆ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆಗ ಸೇವೆಯಲ್ಲಿದ್ದ ನನ್ನ ಗೆಳೆಯರೊಬ್ಬರು ಹೇಳುತ್ತಿದ್ದರು: ಜಗಲಿಯ ಮೇಲೆ ಹುಡುಗನಿಗೆ ಪ್ರಶ್ನೆ ಹಾಕಿದರೆ ಉತ್ತರ ಬಾಗಿಲ ಹಿಂದಿನಿಂದ ಬರುತ್ತಿತ್ತಂತೆ, ಅವನ ತಾಯಿಯ ದನಿಯಲ್ಲಿ. ಸರಿಯಾದ ಉತ್ತರವೇ. ಆಕೆ ಎಸ್ಸೆಸ್ಸೆಲ್ಸಿವರೆಗೆ ಓದಿದ್ದು, ಅದನ್ನು ಯಾರೂ ಕೇಳದೆ ಇದ್ದದ್ದು ಊರಿಗೆ ಆಗ ತಿಳಿಯಿತು. ಕೋ-ಟೀಚರ್ ಎಂಬ ಪದವಿ ಆಕೆಗೆ ಯಾರೂ ಕೊಡಲಿಲ್ಲ, ಅಷ್ಟೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು: ಪದ್ಧತಿ ಒಳ್ಳೆಯದೇ, ಆದರೆ ಹಗಲು ಹೊತ್ತು ಬಿಡುವಾಗಿರುವ ದೊಡ್ಡವರೊಬ್ಬರು ಮನೆಯಲ್ಲಿದ್ದರೆ ಮಾತ್ರ. ಇಬ್ಬರೂ ದುಡಿಯುವ ಮನೆಗಳಲ್ಲಿ ಅದು ತಾತ-ಅಜ್ಜಿಯ ಆರು ತಿಂಗಳ ವೀಸಾದ ಮೇಲೆ ನಿಂತಿದೆ. ಹಾಗಾಗಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟಿರುವ ಹಿರಿಯರಲ್ಲಿ ಒಂದು ಬಿನ್ನಹ. ಚಟ್ನಿಪುಡಿ, ಬಿಪಿ ಮಾತ್ರೆ, ಸ್ವೆಟರು ಕಟ್ಟಿಕೊಳ್ಳುವ ಮೊದಲು ಮೊಮ್ಮಗುವಿನ ಗಣಿತದ ಪುಸ್ತಕದ ನಾಲ್ಕು ಪುಟ ವಾಟ್ಸಾಪಿನಲ್ಲಿ ತರಿಸಿಕೊಂಡು, ಉತ್ತರವನ್ನು ಮೇಲೆ ಬರೆಯುವ ಭಾಗಾಕಾರವನ್ನು ಊರಿನಲ್ಲೇ ಅಭ್ಯಾಸ ಮಾಡಿಕೊಂಡು ವಿಮಾನ ಹತ್ತಿ.