‘ಎಕ್ಸ್‌ಕ್ಲೂಷನ್ 05’ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಎಕ್ಸ್‌ಕ್ಲೂಷನ್ 05 ಸಾಹೇಬರಿಗೆ,

ಬೆಂಗಳೂರಿನ ಹೊರವಲಯದ ಅಸಿಸ್ಟೆಡ್ ಲಿವಿಂಗ್ ಒಂದರಿಂದ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರವಣಿಗೆಯ ಮಟ್ಟಿಗೆ ಮಾತ್ರ. ನಿಜಕ್ಕೂ ಅಡ್ಡಬಿದ್ದರೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕು, ಆ ಇಬ್ಬರ ಖರ್ಚು ತಮ್ಮಿಂದಾಗಿ ಪಾಲಿಸಿಗೆ ಬರುವುದಿಲ್ಲ.

ಓದುಗರಿಗೆ ತಮ್ಮ ಪರಿಚಯ ಹೇಳಬೇಕಷ್ಟೆ. ಆರೋಗ್ಯ ವಿಮೆಯ ಪಾಲಿಸಿ ಪುಸ್ತಕದಲ್ಲಿ ‘ಇವಕ್ಕೆ ಹಣ ಕೊಡುವುದಿಲ್ಲ’ ಎಂಬ ಭಾಗವೇ ತಮ್ಮ ವಾಸಸ್ಥಾನ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆಲ್ಲ ಒಂದೇ ಒಕ್ಕಣೆ ಬರೆದುಕೊಟ್ಟ ಮೇಲೆ ತಮ್ಮ ನಂಬರು, ತಮ್ಮ ಮಾತು ಎಲ್ಲೆಡೆ ಒಂದೇ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಓಡಾಡಿಸುವುದು: ಇವನ್ನು ನರ್ಸೇ ಮಾಡಲಿ, ಆಯಾ ಮಾಡಲಿ, ಮನೆಯಲ್ಲಾಗಲಿ, ಆರೈಕೆ ಕೇಂದ್ರದಲ್ಲಾಗಲಿ, ಬಿಡಿಗಾಸಿಲ್ಲ. ಗುಣವಾಗದ ಕಾಯಿಲೆಯಿಂದ ಕೊನೆಯ ದಿನ ಎಣಿಸುತ್ತಿರುವವರ ದೈಹಿಕ, ಸಾಮಾಜಿಕ, ಭಾವನಾತ್ಮಕ, ಆಧ್ಯಾತ್ಮಿಕ ಅಗತ್ಯಗಳಿಗೂ ಇಲ್ಲ. ಆಧ್ಯಾತ್ಮಿಕವನ್ನೂ ಮರೆಯದೆ ಸೇರಿಸಿದಿರಲ್ಲ, ಆ ಮುಂದಾಲೋಚನೆಗೆ ಶರಣು. ಯಾರಾದರೂ ಪುರೋಹಿತರನ್ನು ಕರೆಸಿ ವಿಷ್ಣು ಸಹಸ್ರನಾಮ ಹೇಳಿಸಿ, ಬಿಲ್ಲನ್ನು ಕ್ಲೇಮು ನೋಡಿಕೊಳ್ಳುವ ಟಿಪಿಎಗೆ ಕಳಿಸಿಬಿಟ್ಟಿದ್ದರೆ?

ನನ್ನಾಕೆಗೆ ಪಾರ್ಶ್ವವಾಯು ಬಡಿದಾಗ ಕಂಪನಿ ಆಸ್ಪತ್ರೆಯ ಬಿಲ್ಲು ಕಟ್ಟಿತು, ಸುಳ್ಳು ಹೇಳಬಾರದು. ಡಯಾಪರ್, ವಾಕರ್, ಅಟೆಂಡರ್ ಖರ್ಚು ಕಳೆದು ಕಟ್ಟಿತು. ಡಿಸ್ಚಾರ್ಜ್ ಆದ ಗಳಿಗೆಯಿಂದ ತಮ್ಮ ರಾಜ್ಯಭಾರ.

ಇಲ್ಲಿ ಬೆಳಗ್ಗೆ ಏಳಕ್ಕೆ ಆಯಾ ಬರುತ್ತಾಳೆ, ಹಾವೇರಿ ಕಡೆಯವಳು. ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿ ಅಲುಗುತ್ತದೆಯೇ ಎಂದು ಒತ್ತಿ ನೋಡುತ್ತಾಳೆ. ಬಿಸಿ ಹದವಾಗಿದೆಯೇ ಎಂದು ನೀರಿಗೆ ಮೊಣಕೈ ಅದ್ದುತ್ತಾಳೆ. ರವಿಕೆ ತೊಡಿಸುವಾಗ ಸ್ವಾಧೀನವಿಲ್ಲದ ಎಡಗೈ ಮೊದಲು, ಬಲಗೈ ಆಮೇಲೆ, ಬಿಚ್ಚುವಾಗ ತಿರುಗುಮುರುಗು. ಈ ಕ್ರಮ ತಪ್ಪಿದರೆ ನನ್ನಾಕೆಗೆ ಭುಜ ಹಿಡಿದುಕೊಂಡು ಮಧ್ಯಾಹ್ನದವರೆಗೆ ನರಳಾಟ. ಏಳಿಸುವಾಗ ಆಯಾ ದಿನವೂ ಹೇಳುವುದು ಒಂದೇ ಮಾತು: “ಅಮ್ಮಾ, ನನ್ನ ಹೆಗಲ ಹಿಡ್ಕೋರಿ, ಗ್ವಾಡಿ ಹಿಡೀಬ್ಯಾಡ್ರಿ, ಹಸಿ ಐತಿ.”

ಈ ಹೆಗಲಿನ ಲೆಕ್ಕವನ್ನೇ ತಮ್ಮ ಮುಂದೆ ಇಡಬೇಕೆಂದಿರುವುದು. ಒಂದು ದಿನ ಈ ಹೆಗಲಿಲ್ಲದೆ ಇವಳು ಜಾರಿಬಿದ್ದು ಸೊಂಟ ಮುರಿದುಕೊಂಡಳು ಎನ್ನಿ. ತಕ್ಷಣ ತಾವು ಪಕ್ಕಕ್ಕೆ ಸರಿದು ನಿಲ್ಲುತ್ತೀರಿ. ಆಪರೇಷನ್ನು, ಒಳಗೆ ಕೂರಿಸುವ ಲೋಹದ ಚೆಂಡು, ಐಸಿಯು, ಎಲ್ಲಕ್ಕೂ ಕಂಪನಿ ಲಕ್ಷಗಟ್ಟಲೆ ಸುರಿಯಲು ಸಿದ್ಧ. ಬಿದ್ದರೆ ದುಡ್ಡುಂಟು, ಬೀಳದಂತೆ ಹಿಡಿದರೆ ಇಲ್ಲ. ಹಾಗಾದರೆ ದಿನಾ ಬೆಳಗ್ಗೆ ಕಂಪನಿಯ ಲಕ್ಷಗಳನ್ನು ಉಳಿಸುತ್ತಿರುವವಳು ಆ ಹೆಣ್ಣುಮಗಳು, ಅವಳ ಸಂಬಳ ಕಟ್ಟುತ್ತಿರುವವನು ನಾನು. ಪಾಲಿಸಿ ಮಾರಿದ ಏಜೆಂಟನಿಗೆ ವರ್ಷವರ್ಷವೂ ಕಮಿಷನ್ ಹೋಗುತ್ತದೆ. ಕ್ಲೇಮನ್ನೇ ತಡೆಯುವವಳಿಗೆ ಏನೂ ಬೇಡವೇ?

ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ತನ್ನನ್ನು ಕೇಳಿ ಎಂದು ಪ್ರಾಧಿಕಾರ 2025ರ ಜನವರಿಯಲ್ಲಿ ಹೇಳಿತು. ಶೇ 10ರಂತೆಯೇ ಏರಿದರೂ ಏಳೆಂಟು ವರ್ಷಕ್ಕೆ ದುಪ್ಪಟ್ಟು, ಬದುಕಿದ್ದರೆ ಕಟ್ಟೋಣ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯೂ ಹೋಯಿತು. 70 ದಾಟಿದವರಿಗೆ ಆಯುಷ್ಮಾನ್ ವಯ ವಂದನಾ ಕಾರ್ಡ್ ಬಂದಿದೆ, ವರ್ಷಕ್ಕೆ ₹5 ಲಕ್ಷ. ಎಲ್ಲವೂ ಸಂತೋಷವೇ. ಆದರೆ ಎಲ್ಲವೂ ಆಸ್ಪತ್ರೆಯ ಮಂಚದ ಸುತ್ತಲೇ ಗಿರಕಿ ಹೊಡೆಯುತ್ತವೆ, ಬಚ್ಚಲಿನ ಬಾಗಿಲವರೆಗೆ ಒಂದೂ ಬರುವುದಿಲ್ಲ.

ಮಕ್ಕಳ ಮೇಲೆ ಕೇಸು ಹಾಕಿ ಎನ್ನುತ್ತಾರೆ ಎದುರು ಕೋಣೆಯ ಯಜಮಾನರು. 2007ರ ಪೋಷಕರ ಪಾಲನೆ ಕಾಯ್ದೆಯಲ್ಲಿ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ ₹10,000. ಇಲ್ಲಿಯ ನಮ್ಮಿಬ್ಬರ ಬಿಲ್ಲು ₹70,000ಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ಗೆದ್ದರೂ ಡಯಾಪರ್ ಖರ್ಚಿಗೆ ಆದೀತು.

ತಮಗೆ ಅಮೆರಿಕದಲ್ಲಿಯೂ ದಾಯಾದಿಗಳಿದ್ದಾರಂತೆ. ಡಲ್ಲಾಸಿನಲ್ಲಿರುವ ಮಗ ಹೇಳಿದ: ಅಲ್ಲಿಯ ಮೆಡಿಕೇರ್ ಕೂಡ ಅಸಿಸ್ಟೆಡ್ ಲಿವಿಂಗಿನ ಬಾಡಿಗೆ ಕೊಡುವುದಿಲ್ಲ. ಜಪಾನಿನವರದು ಮಾತ್ರ ಬೇರೆ ದಾರಿ. 2000ದಲ್ಲೇ ಆರೈಕೆಗೆಂದೇ ಪ್ರತ್ಯೇಕ ವಿಮೆ ತಂದು, 40 ದಾಟಿದವರಿಂದೆಲ್ಲ ಕಂತು ಕಟ್ಟಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದವರ ಮನೆಗೆ ಸ್ನಾನದ ತೊಟ್ಟಿಯನ್ನೇ ಹೊತ್ತು ತಂದು ಮೀಯಿಸಿ ಹೋಗುವ ಸೇವೆಗೂ ಅದರಿಂದ ದುಡ್ಡು ಸಿಗುತ್ತದೆ, ಫಲಾನುಭವಿ ಕೊಡಬೇಕಾದ್ದು ಒಂದು ಪಾಲು ಮಾತ್ರ. ಈ ಸುದ್ದಿ ತಮ್ಮ ಕಿವಿಗೆ ಬೀಳದಿರಲೆಂದು ಏಜೆಂಟರು ಪ್ರಾರ್ಥಿಸುತ್ತಿರಬಹುದು.

ನನ್ನ ಬಿನ್ನಹ ಇಷ್ಟೆ. ಕಣ್ಣಿನ ಪೊರೆ ತೆಗೆಯಲು 24 ಗಂಟೆ ಮಲಗಬೇಕಿಲ್ಲ, ಅದು ‘ಡೇ ಕೇರ್’ ಎಂದು ಪಾಲಿಸಿ ಒಪ್ಪುತ್ತದೆ. ಹಾಗೆಯೇ ಅಭ್ಯಂಜನವನ್ನೂ ಶಸ್ತ್ರಚಿಕಿತ್ಸೆಗಳ ಪಟ್ಟಿಗೆ ಸೇರಿಸಿಬಿಡಿ. ಅರಿವಳಿಕೆ ಬೇಡ, ಹೊಲಿಗೆ ಬೇಡ. ಉಪಕರಣ ಎಂದರೆ ಒಂದು ಮಗ್ಗು. ಪ್ರೀ-ಆಥರೈಸೇಷನ್ನಿಗೆ ಹಿಂದಿನ ರಾತ್ರಿಯೇ ಅರ್ಜಿ ಹಾಕುತ್ತೇವೆ, ನೀರು ಆರುವುದರೊಳಗೆ ಮಂಜೂರು ಮಾಡಿದರೆ ಸಾಕು. ತಿರಸ್ಕರಿಸುವುದೇ ಆದರೆ ಕಾಗದ ದಪ್ಪ ಅಕ್ಷರದಲ್ಲಿರಲಿ. ಚಿಕಿತ್ಸೆಗೆ ಇಷ್ಟೇ ದುಡ್ಡು ಎಂದು ಮಿತಿ ಹಾಕುವ ತಮ್ಮ ಬಳಗದ ‘ಸಬ್-ಲಿಮಿಟ್’ ಅವರ ಕೃಪೆಯಿಂದ ನನಗೆ ಒಂದು ಕಣ್ಣಿನ ಪೊರೆಯಷ್ಟೇ ತೆಗೆಸಲು ಆಯಿತು.

ಇತಿ ತಮ್ಮ ವಿಧೇಯ,
ಒಬ್ಬ ಪಾಲಿಸಿದಾರ

ಲಗತ್ತು: ಈ ತಿಂಗಳ ಡಯಾಪರ್ ಬಿಲ್ಲು, ಮೂಲಪ್ರತಿ. ಪಾವತಿಯಿಲ್ಲವೆಂದು ಗೊತ್ತು. ಮೂಲಪ್ರತಿ ಇಲ್ಲವೆಂದು ವಾಪಸು ಕಳಿಸಬಾರದಲ್ಲ, ಅದಕ್ಕೆ.